ಚಿಕ್ಕಪ್ಪನ ಬೆಚ್ಚನೆಯ ಕೋಣೆ

ಬಟ್ಟೆ ಒಣಗಿದೆಯೇ ಎಂದು ನೋಡಲು ನಮ್ಮಜ್ಜಿ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಇಸ್ತ್ರಿ ಹಿಡಿದೂ ಹಿಡಿದೂ ಕೈ ಜಡ್ಡುಗಟ್ಟಿದೆ, ತೇವ ತಿಳಿಯುವುದಿಲ್ಲ. ಕೆಳಗಿನ ಅಂಗಡಿಯಲ್ಲಿ ಊರವರ ಬಟ್ಟೆ ಒಗೆದು, ಇಸ್ತ್ರಿ ಮಾಡಿಯೇ ಮಕ್ಕಳನ್ನು ದಡ ಸೇರಿಸಿದ ಗಟ್ಟಿಗಿತ್ತಿ ಅವಳು. ಬಾಯಿಯೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ.

ಆ ಮಳೆಗಾಲ ಸಂಜೆಯಾದರೆ ಸಾಕು, ಅಂಗಡಿಗೂ ಮೇಲಿನ ನಮ್ಮ ಮನೆಗೂ ಇದ್ದ ಒಂದೇ ಫ್ಯೂಸ್ ಹೋಗತೊಡಗಿತು. ಅರ್ಧ ಅಂಗಿಗೇ ಇಸ್ತ್ರಿ ತಣ್ಣಗಾದಾಗ ಅಜ್ಜಿ ಮಹಡಿಯತ್ತ ಮುಖ ಮಾಡಿ ಕೂಗುತ್ತಿದ್ದಳು.

“ಎಲ್ಲಾ ಇವಳ ಆಟದ್ದೇ ಕಾಟ! ಆ ಕಂಪ್ಯೂಟರ್ ಮೊದಲು ಮಾರಿಬಿಡಿ!”

ನನಗೆ ಜೀವ ಬಾಯಿಗೆ ಬಂತು. ಭಾನುವಾರ ಅದರಲ್ಲೇ ನಮ್ಮ ತಂಡದ ಆನ್‌ಲೈನ್ ಆಟದ ಫೈನಲ್ ಪಂದ್ಯ! ಪಕ್ಕದ ಕೋಣೆಯಲ್ಲಿ ಡಿಜಿಟಲ್ ಹಣ ಗಳಿಸಲೆಂದು ಚಿಕ್ಕಪ್ಪ ಇಟ್ಟ ಕ್ರಿಪ್ಟೋ ಮೈನಿಂಗ್ ಕಂಪ್ಯೂಟರ್ ಯಂತ್ರಗಳು ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದರೂ ಅವುಗಳ ಮೇಲೆ ಯಾರಿಗೂ ಅನುಮಾನವಿಲ್ಲ. ಅಜ್ಜಿಗಂತೂ ಆ ಕೋಣೆಯೆಂದರೆ ಪ್ರಾಣ. ಒಣಗದ ಬಟ್ಟೆಯನ್ನೆಲ್ಲ ಅಲ್ಲೇ ಹರವಿ, “ಎಷ್ಟು ಬೆಚ್ಚಗಿದೆ ನೋಡು, ನನ್ನ ಮಗ ಪುಣ್ಯಾತ್ಮ” ಎನ್ನುತ್ತಿದ್ದಳು.

ಆ ಬಿಸಿ ಪುಣ್ಯದ್ದಲ್ಲ, ಕರೆಂಟಿನದು ಎಂದು ನನಗೆ ಥಟ್ಟನೆ ಹೊಳೆಯಿತು.

“ಅಜ್ಜೀ, ಒಂದು ಒದ್ದೆ ದುಪ್ಪಟಿ ನನ್ನ ಕೋಣೇಲಿ ಹಾಕು, ಒಂದು ಚಿಕ್ಕಪ್ಪನ ಕೋಣೇಲಿ. ಮಲಗೋವರೆಗೂ ನಾನು ಆಡ್ತಾನೇ ಇರ್ತೀನಿ. ಯಾರ ಯಂತ್ರ ಹೆಚ್ಚು ಕರೆಂಟ್ ನುಂಗುತ್ತೋ ಅಲ್ಲಿ ಬೇಗ ಒಣಗುತ್ತೆ!”

ಚಿಕ್ಕಪ್ಪ ನಕ್ಕ. “ಎರಡರೊಳಗೂ ಇರೋದು ಒಂದೇ ಥರದ ಗ್ರಾಫಿಕ್ಸ್ ಕಾರ್ಡು ಕಣೇ.”

“ನನ್ನ ಹತ್ರ ಇರೋದು ಒಂದು, ನಿನ್ನ ಹತ್ರ ಸಾಲೇ ಇದೆ! ನಾನಾದ್ರೆ ಆಡಿ ಮಲಗ್ತೀನಿ, ನಿನ್ನವು ಮಲಗೋದೇ ಇಲ್ಲ.”

ಬೆಳಿಗ್ಗೆ ಅಜ್ಜಿ ನನ್ನ ಕೋಣೆಯ ದುಪ್ಪಟಿಗೆ ಕೆನ್ನೆಯಿಟ್ಟು ಮುಖ ಸಿಂಡರಿಸಿದಳು. ಇನ್ನೂ ಹಸಿ. ಚಿಕ್ಕಪ್ಪನದು ಗರಿಗರಿ!

“ಅಯ್ಯೋ ನನ್ನ ಬುದ್ಧಿಗಿಷ್ಟು! ಕಳ್ಳನ ಕೋಣೇಲಿ ಬಟ್ಟೆ ಒಣಹಾಕ್ಕೊಂಡು ಈ ಕೂಸಿಗೆ ಬೈತಿದ್ನಲ್ಲ!”

“ಅಮ್ಮಾ, ಈ ಯಂತ್ರಗಳನ್ನ ನಿಲ್ಲಿಸಿದ್ರೆ ನಿನ್ನ ಗಿರಾಕಿಗಳ ಬಟ್ಟೆ ಒಣಗೋದು ಹೇಗೆ?” ಚಿಕ್ಕಪ್ಪ ಕೊನೆಯ ಬಾಣ ಬಿಟ್ಟ.

ಅಜ್ಜಿ ಒದ್ದೆ ಬಟ್ಟೆಯ ರಾಶಿ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತಾನೇ ಹೋಗಿ ಅವನ ಸ್ವಿಚ್ಚುಗಳನ್ನೆಲ್ಲ ಆರಿಸಿದಳು. ನನಗೆ ಕುಣಿಯುವಷ್ಟು ಖುಷಿ!

ಭಾನುವಾರ ಅಂಗಡಿಯ ಒದ್ದೆ ಬಟ್ಟೆಯೆಲ್ಲ ನನ್ನ ಕೋಣೆಗೆ ಬಂತು. ತೂಗಾಡುವ ಅಂಗಿತೋಳುಗಳ ಸಂದಿಯಿಂದ ಇಣುಕುತ್ತಾ ಆಡಿದೆ. ಕೆಳಗೆ ಇಸ್ತ್ರಿಯೂ ನಡೆದಿತ್ತು. ದೀಪ ಒಮ್ಮೆಯೂ ಮಿಣುಕಲಿಲ್ಲ. ಗೆದ್ದೇಬಿಟ್ಟೆವು! ನಾನು ಕಿರುಚಿದ್ದಕ್ಕೆ ಅಜ್ಜಿ ಏದುಸಿರು ಬಿಡುತ್ತಾ ಮೇಲೆ ಬಂದು, ಒಂದು ಅಂಗಿಯನ್ನು ಕೆನ್ನೆಗೆ ಒತ್ತಿಕೊಂಡಳು.

“ಗೆದ್ಯಾ? ಭೇಷ್! ಹಾಗೇ ಇನ್ನೊಂದಾಟ ಆಡ್ಬಿಡು ಮರಿ, ಕಾಲರ್ ಇನ್ನೂ ಹಸಿ ಇದೆ.”