ಎಡಗಡೆಯಿಂದ ಓದಿದ ಕುಸ್ತಿ

ಜಪಾನಿನ ಕಾರ್ಟೂನಿನಲ್ಲಿ ಒಬ್ಬ ಇನ್ನೊಬ್ಬನಿಗೆ ಒಂದು ಗುದ್ದು ಕೊಡಲು ಮೂರು ಕಂತು ಬೇಕು. ಮುಷ್ಟಿ ಎತ್ತಿದವನಿಗೆ ತನ್ನ ಬಾಲ್ಯ ನೆನಪಾಗುತ್ತದೆ. ಗುದ್ದು ತಿನ್ನಬೇಕಾದವನಿಗೂ ಅವನ ಬಾಲ್ಯ ನೆನಪಾಗುತ್ತದೆ. ಕೂಡ್ಲಿಗಿಯಲ್ಲಿ ಕಚೇರಿ ಮುಗಿಸಿ, ಕೊಟ್ಟೂರಿನ ತನಕ ಬಸ್ಸಿನಲ್ಲಿ ನಿಂತೇ ಬಂದು ಸೋಫಾದ ಮೇಲೆ ಬಿದ್ದ ನಾನು, ಬೇಗ ಹೊಡೆದು ಮುಗಿಸಪ್ಪ, ಒಲೆ ಹಚ್ಚಬೇಕು ಎಂದು ಬೇಡಿಕೊಳ್ಳುತ್ತೇನೆ. ‘ಅಮ್ಮ, ಇದು ಆನಿಮೆ, ಕಾರ್ಟೂನ್ ಅನಬ್ಯಾಡ’ ಎಂದು ಮಗಳು ಸಿಂಚನಾ ತಿದ್ದುತ್ತಾಳೆ. ತಿದ್ದಿಸಿಕೊಳ್ಳುವುದಕ್ಕೂ ನನಗೀಗ ಶಕ್ತಿ ಇಲ್ಲ.

ಆ ಆನಿಮೆಯವರ ತಾಲೀಮು ನೋಡಿದರೆ ನನಗೇ ಮೈಕೈ ನೋವು. ಜಲಪಾತದ ಕೆಳಗೆ ನಿಲ್ಲುತ್ತಾರೆ, ಬಂಡೆ ನೂಕುತ್ತಾರೆ. ಅದಕ್ಕೂ ಮೊದಲು ಗುರು ಅಂಗಳ ಗುಡಿಸಲು ಹಚ್ಚುತ್ತಾನೆ. ಇದರಲ್ಲಿ ನಮಗೇನೂ ಹೊಸದಿಲ್ಲ. ನಮ್ಮ ಮಾವನವರು ಹರಪನಹಳ್ಳಿ ಕಡೆಯ ಗರಡಿಯಲ್ಲಿ ಬೆಳೆದ ಪೈಲ್ವಾನರು. ಅಲ್ಲೂ ಹೊಸಬರಿಗೆ ಪಟ್ಟು ಕಲಿಸುವ ಮೊದಲು ಅಖಾಡದ ಕೆಂಪು ಮಣ್ಣು ಅಗೆಸಿ, ಎಣ್ಣೆ, ಮಜ್ಜಿಗೆ ಹಾಕಿಸಿ ಹದ ಮಾಡಿಸುತ್ತಿದ್ದರಂತೆ.

ಆ ಪೈಲ್ವಾನರು ಬಚ್ಚಲಲ್ಲಿ ಜಾರಿ ಸೊಂಟದ ಆಪರೇಷನ್ ಆದ ಮೇಲೆ ಮಂಚ ಬಿಟ್ಟು ಇಳಿದಿರಲಿಲ್ಲ. ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿದೆವು. ಅದರ ಮೇಲೆ ಟವೆಲ್ ಒಣಗುತ್ತಿತ್ತು. ಗೋಗರೆದೆ, ಗದರಿದೆ. ‘ಸಾಕವ್ವ, ಗೆದ್ದಿದ್ದೂ ಆತು, ಬಿದ್ದಿದ್ದೂ ಆತು. ಇನ್ನೇನೈತಿ?’ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು.

ಮೊನ್ನೆ ಭಾನುವಾರ ಸಿಂಚನಾ ತನ್ನ ಮಾಂಗಾ ಪುಸ್ತಕವೊಂದನ್ನು ಅಜ್ಜನ ಕೈಗಿಟ್ಟು ಟ್ಯೂಷನ್ನಿಗೆ ಹೋದಳು. ಮಾಂಗಾ ಎಂದರೆ ಆ ಆನಿಮೆಗಳ ಮೂಲ ಚಿತ್ರಕಥೆ. ಜಪಾನಿನವರು ಅದನ್ನು ಬಲಗಡೆಯಿಂದ, ಅಂದರೆ ನಾವು ಕೊನೆ ಎನ್ನುವ ಪುಟದಿಂದ, ಓದುತ್ತಾರೆ. ಮಾವನವರಿಗೆ ಇದನ್ನು ಯಾರು ಹೇಳಬೇಕು? ಇಂಗ್ಲಿಷು ಬಾರದು, ಚಿತ್ರ ಸಾಕು ಎಂದು ಪಂಚಾಂಗ ತೆರೆದಂತೆ ಎಡದಿಂದ ತೆರೆದರು. ಪಕ್ಕದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ನಾನು ತಿದ್ದೋಣವೆಂದುಕೊಂಡು, ಸುಸ್ತಿಗೆ ಸುಮ್ಮನಾದೆ.

‘ಹುಡುಗ ಮೊದ್ಲ ಗೆದ್ದಾನ ನೋಡವ್ವ’ ಎಂದರು. ಒಂದಷ್ಟು ಹಾಳೆ ದಾಟಿ, ‘ಈಗ ಬಿದ್ದಾನ. ನನ್ನ ಕಥಿನ ಬರದಾರಲ್ಲ!’ ಹಾಳೆ ತಿರುಗಿಸುತ್ತಾ ಹೋದರು. ಅವರಿಗೆ ಕೊನೆಯದಾದ, ಕಥೆಗೆ ಮೊದಲನೆಯದಾದ ಪುಟದಲ್ಲಿ ಅದೇ ಹುಡುಗ ಗುರುವಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ. ಮಾವನವರು ಬಹಳ ಹೊತ್ತು ಅದನ್ನೇ ನೋಡಿದರು.

‘ಅಷ್ಟು ಬಿದ್ದ ಮ್ಯಾಲೂ ಮತ್ತ ಬಂದು ಕಸಬರಿಗಿ ಹಿಡದಾನಲ್ಲವ್ವ ಇವ’ ಎಂದರು. ಪುಸ್ತಕ ಬದಿಗಿಟ್ಟು, ‘ಆ ಟವೆಲ್ ತಗಿ’ ಎಂದರು.

ಬಗ್ಗಿ ನೆಲ ಮುಟ್ಟಲಾಗದೆ, ವಾಕರಿನ ಹಿಡಿ ಮುಟ್ಟಿ ಹಣೆಗೆ ಒತ್ತಿಕೊಂಡರು. ಅಖಾಡಕ್ಕೆ ಇಳಿಯುವಾಗ ಮಣ್ಣಿಗೆ ಹಾಗೆ ಮಾಡುತ್ತಿದ್ದರು. ಆಮೇಲೆ ಎದ್ದರು. ನನ್ನ ಕಣ್ಣು ತುಂಬಿತು. ಮೆಣಸಿನಕಾಯಿಯ ಕೈ, ಒರೆಸಿಕೊಳ್ಳುವಂತಿರಲಿಲ್ಲ. ಮಂಚದಿಂದ ಬಾಗಿಲ ತನಕ ಹೋಗಿ ಬರಲು ಅವರಿಗೆ ಹಿಡಿದ ಹೊತ್ತಿನಲ್ಲಿ ಆ ಆನಿಮೆಯವರು ಗುದ್ದು ಕೊಟ್ಟು ಮನೆಗೇ ಹೋಗಬಹುದಿತ್ತು. ಬೇಗ ಮುಗಿಸಿ ಎಂದು ನಾನು ಅನ್ನಲಿಲ್ಲ. ಅವತ್ತು ಒಲೆ ತಡವಾಗಿಯೇ ಹಚ್ಚಿದೆ.