ಬಲಗಡೆ ಜಗಳೂರು, ಎಡಗಡೆ ಸೂಳೆಕೆರೆ

ನನ್ನ ಅಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಬೆಳಿಗ್ಗೆ ನ್ಯಾಮತಿಯಿಂದ ಹೊರಟು ಗೋವಿನಕೋವಿ, ಹೊನ್ನಾಳಿ, ದಾವಣಗೆರೆ ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಜಗಳೂರು ಮುಟ್ಟುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಎಪ್ಪತ್ತರ ದಶಕವಿಡೀ ಅವರ ಬದುಕು ಆ ಒಂದೇ ರಸ್ತೆಯ ಮೇಲೆ ಕಳೆಯಿತು. ಹೊನ್ನಾಳಿ ಕಡೆಯ ಗದ್ದೆಗಳ ಹಸಿರು ದಾವಣಗೆರೆ ದಾಟಿದ ಮೇಲೆ ತೆಳುವಾಗುತ್ತಾ ಹೋಗಿ, ಜಗಳೂರಿನ ಹತ್ತಿರ ಕೆಂಪು ನೆಲ, ಜಾಲಿಗಿಡ, ಬತ್ತಿದ ಕೆರೆ. ರಸ್ತೆ ನೋಡದೆಯೂ ಯಾವ ಊರು ಬಂತೆಂದು ಹೇಳಬಲ್ಲೆ ಎನ್ನುತ್ತಿದ್ದರು. ಆ ಮಾತು ಎಷ್ಟು ನಿಜವಾಗಿತ್ತೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ.

ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿದ ನಾನು ಪೈಲಟ್ ಆಗಿದ್ದು ಒಂದು ಜಾಹೀರಾತಿನಿಂದ. ಬೆಂಗಳೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾರೆ, ಸರ್ಕಾರವೇ ವಿದ್ಯಾರ್ಥಿವೇತನ ಕೊಡುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಅರ್ಜಿ ಹಾಕಿದೆ, ಸಿಕ್ಕಿತು. ಬಸವಾಪಟ್ಟಣದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ಸೋದರಮಾವ ವಿದ್ಯಾರ್ಥಿವೇತನದ ಜಾಮೀನಿಗೆ ಸಹಿ ಹಾಕುವಾಗ ಪೆನ್ನು ಹಿಡಿದುಕೊಂಡೇ ಅಪ್ಪನನ್ನು ಕೇಳಿದ: "ಭಾವ, ಒಬ್ನೇ ಮಗ. ಯೋಚ್ನೆ ಮಾಡಿದೀಯೇನು?"

ಅಪ್ಪ ಅಂದರು, "ನಾನು ದಿನಾ ಅರವತ್ತು ಜನನ್ನ ಕೂರಿಸ್ಕೊಂಡು ಹೋಗ್ತೀನಿ. ನಿಂಗೆ ಯಾವತ್ತಾದ್ರೂ ಭಯ ಆಗೈತಾ? ಹಾಕು ಸಹಿ."

ನಾನು ಸೇರಿದ್ದು ಸಣ್ಣ ಊರುಗಳಿಗೆಂದೇ ಎಂಬತ್ತರ ದಶಕದಲ್ಲಿ ಶುರುವಾಗಿದ್ದ ಒಂದು ಕಂಪನಿಗೆ. ಹತ್ತೊಂಬತ್ತು ಸೀಟಿನ, ಎರಡು ಎಂಜಿನ್ನಿನ ವಿಮಾನ. ದೊಡ್ಡ ವಿಮಾನದಲ್ಲಿ ಹೋಗಿಬಂದವರು ನಮ್ಮದನ್ನು ಕಂಡರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಒಳಗೆ ತಲೆ ಬಗ್ಗಿಸಿ ನಡೆಯಬೇಕು. ಗಗನಸಖಿ ಇಲ್ಲ, ಚಹಾ ಇಲ್ಲ, ಶೌಚಾಲಯವೂ ಇಲ್ಲ. ಸಹಪೈಲಟ್ ಆಗಿದ್ದ ನಾನೇ ಜನರನ್ನು ಹತ್ತಿಸಿಕೊಂಡು, ತೂಕ ಸರಿದೂಗಲೆಂದು ದಪ್ಪಗಿದ್ದವರನ್ನು ಮುಂದೆ ಕೂರಿಸಿ, ಬೆಲ್ಟ್ ಕಟ್ಟಿಸಿ, ಬಾಗಿಲು ಹಾಕಿ, ಆಮೇಲೆ ಮುಂದೆ ಹೋಗಿ ಬಲಗಡೆ ಸೀಟಿನಲ್ಲಿ ಕೂರಬೇಕಿತ್ತು. ನಮಗೂ ಪ್ರಯಾಣಿಕರಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಅದನ್ನೂ ಸೆಖೆಗೆ ಸರಿಸಿಬಿಡುತ್ತಿದ್ದೆವು.

ಇದನ್ನೆಲ್ಲ ಊರಿಗೆ ಹೋದಾಗ ವಿವರಿಸಿದರೆ ಅಪ್ಪ ಬಿದ್ದು ಬಿದ್ದು ನಕ್ಕರು. "ಅಲ್ಲಿಗೆ ನೀನು ಡ್ರೈವರ್ರೂ ಹೌದು, ಕಂಡಕ್ಟರ್ರೂ ಹೌದು. ಒಂದು ಸೀಟಿ ತಗೊಂಡುಬಿಡು."

ಆಗಲೇ ಅವರು ಬಸ್ಸು ಬಿಟ್ಟಿದ್ದರು. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಒಂದು ಸಂಜೆ ಹೊನ್ನಾಳಿ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಕೆಳಗಿಳಿದು, "ಇನ್ನು ನನ್ನ ಕೈಲಿ ಆಗಲ್ಲ" ಎಂದು ಕಂಡಕ್ಟರಿಗೆ ಕೀಲಿ ಕೊಟ್ಟು ನಿಂತುಬಿಟ್ಟರಂತೆ. ಯಾಕೆ, ಹೇಗೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಪರೇಷನ್ ಮಾಡಿಸೋಣವೆಂದರೆ ಶಿವಮೊಗ್ಗದ ಡಾಕ್ಟರು ಪೊರೆ ಇನ್ನೂ ಹಣ್ಣಾಗಿಲ್ಲ, ಕಾಯಬೇಕು ಎನ್ನುತ್ತಿದ್ದರು. ಆ ಕಾಲದಲ್ಲಿ ಹಾಗೇ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ನಮ್ಮ ದಾರಿ ನಮ್ಮೂರ ಸೀಮೆಯ ಮೇಲೇ ಹಾದುಹೋಗುತ್ತಿತ್ತು. ಚಿತ್ರದುರ್ಗದ ಬೆಟ್ಟಗಳು ಹಿಂದೆ ಸರಿದ ಮೇಲೆ ನನ್ನ ಬಲಗಡೆ ಕಿಟಕಿಗೆ ಜಗಳೂರಿನ ಬಯಲು ಬರುತ್ತಿತ್ತು. ಮಳೆ ಬಿದ್ದ ವರ್ಷ ಕೆರೆಗಳು ಅಲ್ಲಲ್ಲಿ ಹೊಳೆಯುತ್ತಿದ್ದವು, ಬೀಳದ ವರ್ಷ ಕೆರೆ ಯಾವುದು ಹೊಲ ಯಾವುದು ತಿಳಿಯುತ್ತಿರಲಿಲ್ಲ. ನದಿ, ಗದ್ದೆ, ನ್ಯಾಮತಿ ಎಲ್ಲ ಎಡಗಡೆ, ಕ್ಯಾಪ್ಟನ್ ಕೂತ ಕಡೆ. ನಾನು ಕತ್ತು ಚಾಚಿದರೆ ಅವರಿಗೆ ಸಿಟ್ಟು. "ಮುಂದೆ ನೋಡಪ್ಪಾ," ಎನ್ನುತ್ತಿದ್ದರು. ಅಪ್ಪ ಇಡೀ ದಿನ ತೆಗೆದುಕೊಂಡು ಹೋಗಿಬರುತ್ತಿದ್ದ ದಾರಿ ಒಂದು ಸಿಗರೇಟು ಸೇದುವಷ್ಟರಲ್ಲಿ ಹಿಂದೆ ಬೀಳುತ್ತಿತ್ತು. ಮೊದಮೊದಲು ಅದು ಹೆಮ್ಮೆ ಅನಿಸಿತು. ಆಮೇಲೆ ಒಂಥರಾ ಕಳವಳ. ಯಾರದೋ ಜೀವಮಾನದ ದುಡಿಮೆಯನ್ನು ಇಷ್ಟು ಸಲೀಸಾಗಿ ದಾಟಿಬಿಡುವುದು ಸರಿಯಲ್ಲ ಎನ್ನುವಂಥ ಕಳವಳ.

ಕೆಲಸವೂ ಹೊರಗಿನವರು ಅಂದುಕೊಂಡಷ್ಟು ಸೊಗಸಿನದಲ್ಲ. ನಸುಕಿನಲ್ಲೇ ಏಳಬೇಕು. ದಿನಕ್ಕೆ ಹಲವು ಸಲ ಏರುವುದು, ಇಳಿಯುವುದು. ಎತ್ತರ ಹೋಗದ ವಿಮಾನ, ಹಾಗಾಗಿ ಮೋಡದ ಮೇಲಲ್ಲ, ಮೋಡದ ಹೊಟ್ಟೆಯಲ್ಲೇ ಪ್ರಯಾಣ. ಬೇಸಿಗೆಯಲ್ಲಿ ಬಿಸಿಗಾಳಿಗೆ ವಿಮಾನ ಹೊಂಡಕ್ಕೆ ಬಿದ್ದ ಗಾಡಿಯ ಹಾಗೆ ಕುಕ್ಕುತ್ತಿತ್ತು, ಹಿಂದೆ ಯಾರಾದರೂ ವಾಂತಿ ಮಾಡಿಕೊಳ್ಳುತ್ತಿದ್ದರು. ಸಂಜೆ ಇಳಿದರೆ ಎಂಜಿನ್ನಿನ ಸದ್ದು ಇನ್ನೂ ಕಿವಿಯಲ್ಲೇ ಇರುತ್ತಿತ್ತು. ಆದರೂ ಹುಬ್ಬಳ್ಳಿಯ ಸಣ್ಣ ರನ್‌ವೇಗೆ ಅಡ್ಡಗಾಳಿಯಲ್ಲಿ ಮೆತ್ತಗೆ ಚಕ್ರ ತಾಗಿಸಿದಾಗ ಆಗುತ್ತಿದ್ದ ಸಂತೋಷವನ್ನು ನನ್ನ ಜೀವನದಲ್ಲಿ ಬೇರೆ ಯಾವುದೂ ಕೊಟ್ಟಿಲ್ಲ.

ಕ್ಯಾಪ್ಟನ್ ಆಗಿ ಎಡಗಡೆ ಸೀಟಿಗೆ ಬಂದ ವಾರ ಮೊದಲ ಸಲ ಸೂಳೆಕೆರೆಯನ್ನು ಪೂರ್ತಿಯಾಗಿ ಕಂಡೆ. ಚನ್ನಗಿರಿಯ ಗುಡ್ಡಗಳ ನಡುವೆ ಅಷ್ಟು ನೀರು, ಅದರಾಚೆ ಬಸವಾಪಟ್ಟಣ, ಇನ್ನೂ ಆಚೆ ಹೊಳೆಯ ತಿರುವು. ಹೊಳೆ ದಾಟಿದರೆ ನಮ್ಮೂರಿರಬೇಕು, ಮಂಜಿನಲ್ಲಿ ಕಾಣಲಿಲ್ಲ. ಆ ತಿಂಗಳು ರಜೆಗೆ ಹೋದವನೇ ಅಪ್ಪನಿಗೆ ಹೇಳಿದೆ: "ಬರ್ರಿ, ಒಂದ್ಸಲ ಕೂರಿಸ್ಕೊಂಡು ಹೋಗ್ತೀನಿ. ಈಗ ನಾನೇ ಕ್ಯಾಪ್ಟನ್ನು."

"ಬರ್ತೀನಿ. ಕಣ್ಣು ಒಂದು ಆಗ್ಲಿ. ಈಗ ಬಂದ್ರೆ ಏನು ನೋಡಾಕೆ? ನೀನು ಓಡ್ಸೋದು ನಂಗೆ ಕಾಣಬೇಕು."

"ಕಾಣದಿದ್ರೆ ಏನಂತೆ, ಕೂತ್ಕೊಂಡ್ರೆ ಗೊತ್ತಾಗುತ್ತೆ."

"ಅದು ಬ್ಯಾಡ," ಎಂದರು. "ನೋಡಬೇಕು."

ಒತ್ತಾಯ ಮಾಡಲಿಲ್ಲ. ಆಪರೇಷನ್ ಹೇಗೂ ಆಗುತ್ತದೆ, ನಾನಂತೂ ಇನ್ನೂ ಇಪ್ಪತ್ತೈದು ವರ್ಷ ಹಾರಿಸುವವನು ಎಂದುಕೊಂಡಿದ್ದೆ.

ನಾನು ಕ್ಯಾಪ್ಟನ್ ಆದ ಎರಡನೆಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ವಿಮಾನ ಇಳಿಸಿ, ಎಂಜಿನ್ ಆರಿಸಿ, ಮೆಟ್ಟಿಲಿಳಿದು ನೆಲದ ಮೇಲೆ ಕಾಲಿಟ್ಟೆ. ನೆಲ ಎಡಕ್ಕೆ ತಿರುಗಿತು. ಬುಗುರಿಯ ಮೇಲೆ ನಿಂತ ಹಾಗೆ ಎಲ್ಲವೂ ಗಿರ್ರನೆ ಸುತ್ತಿತು. ರೆಕ್ಕೆಯ ಕಂಬಿ ಹಿಡಿದುಕೊಂಡು ಕೂತುಬಿಟ್ಟೆ. ಸಹಪೈಲಟ್ ನೀರು ತಂದುಕೊಟ್ಟ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋಯಿತು. ನಡೆದೆ, ಕಣ್ಣು ಮುಚ್ಚಿ ನಿಂತು ನೋಡಿದೆ, ಏನೂ ಇಲ್ಲ. "ಹೊಟ್ಟೆ ಖಾಲಿ ಇತ್ತೇನೋ ಸರ್, ಹೊರಡೋಣ್ವಾ?" ಎಂದ ಅವನು.

ಆಗ ನಾನು ಹೂಂ ಅನ್ನಬಹುದಿತ್ತು. ಅನ್ನಲಿಲ್ಲ. ಇವತ್ತು ನಾನು ಹಾರಿಸುವುದಿಲ್ಲ ಎಂದು ಅಲ್ಲಿನ ಅಧಿಕಾರಿಗೆ ಹೇಳಿದೆ. ಬೇರೆ ಕ್ಯಾಪ್ಟನ್ ಇರಲಿಲ್ಲ, ವಿಮಾನ ರದ್ದಾಯಿತು. ಕಾಯುತ್ತಿದ್ದವರು ನನ್ನ ಸುತ್ತ ನಿಂತು ಕೂಗಾಡಿದರು. ರೇಷ್ಮೆ ಶಲ್ಯ ಹೊದ್ದ ಒಬ್ಬರು, "ಮಗಳ ಮದುವೆ ಮಾತುಕತೆ ಐತ್ರಿ ಸಂಜಿಗೆ, ನೀವು ಚೆನ್ನಾಗೇ ನಿಂತೀರಲ್ಲ!" ಎಂದರು. ಚೆನ್ನಾಗೇ ನಿಂತಿದ್ದೆ, ನಿಜ.

ಬೆಂಗಳೂರಿನ ಡಾಕ್ಟರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಕಿವಿಗೆ ತಣ್ಣೀರು ಬಿಟ್ಟರು, ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಒಳಗಿವಿಯ ದೋಷ, ಮತ್ತೆ ಬರಬಹುದು, ಬರದೇ ಇರಲೂಬಹುದು ಎಂದರು. ಬರಬಹುದು ಎನ್ನುವಷ್ಟೇ ಸಾಕಾಗಿತ್ತು. ಮೊದಲು ಆರು ತಿಂಗಳು, ಆಮೇಲೆ ಕಾಯಂ ಆಗಿ ನನ್ನ ಲೈಸೆನ್ಸ್ ಹೋಯಿತು. ಕಂಪನಿಯವರು ಒಳ್ಳೆಯವರು, ಹೊರಗೆ ಹಾಕಲಿಲ್ಲ. ಯಾವ ವಿಮಾನಕ್ಕೆ ಯಾವ ಪೈಲಟ್, ಎಷ್ಟು ಇಂಧನ, ಹವಾಮಾನ ಹೇಗೆ ಎಂದು ನೋಡಿಕೊಳ್ಳುವ ನೆಲದ ಕೆಲಸ ಕೊಟ್ಟರು.

ಸುದ್ದಿ ಹೇಳಲು ಊರಿಗೆ ಹೋದಾಗ ಅಪ್ಪ ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಆಪರೇಷನ್ ಆಗಿ ಮೂರು ವಾರವಾಗಿತ್ತಷ್ಟೆ. ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಒಂದು ಪ್ರಶ್ನೆ ಹಾಕಿದರು, "ನಿಂಗೆ ತಲೆ ತಿರುಗಿದ್ದು ಬೇರೆ ಯಾರಿಗೆ ಗೊತ್ತಿತ್ತು?"

"ಸಹಪೈಲಟ್ಟಿಗೆ. ಅವ್ನೂ ಹಸಿವು ಅಂತ ತಿಳ್ಕೊಂಡಿದ್ದ."

"ಹಂಗಾದ್ರೆ ನೀನಾಗೇ ಹೇಳಿದೆ."

"ಹೂಂ."

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು, ನೀರು ಸೋರುತ್ತಿತ್ತು. "ನಾನು ಎರಡು ತಿಂಗ್ಳು ಮುಚ್ಚಿಟ್ಟಿದ್ದೆ ಕಣಪ್ಪ. ಎದುರಿಗೆ ಬರೋ ಗಾಡಿ ಲೈಟು ಹಾಲು ಚೆಲ್ಲಿದಂಗೆ ಕಾಣ್ತಿತ್ತು. ರೋಡಿನ ಗುರ್ತಿನ ಮ್ಯಾಲೆ ಓಡಿಸ್ತಿದ್ದೆ. ಅವತ್ತು ಹೊನ್ನಾಳಿ ಸೇತುವೆ ಮ್ಯಾಲೆ ಒಬ್ಳು ಹೆಣ್ಮಗಳು ಕೂಸು ಎತ್ಕೊಂಡು ಹೋಗ್ತಿದ್ಲು. ಕೈಯಷ್ಟು ಹತ್ರ ಬಂದ ಮ್ಯಾಲೆ ಕಂಡ್ಲು." ಕನ್ನಡಕ ಮತ್ತೆ ಹಾಕಿಕೊಂಡು, "ಏನೂ ಆಗ್ಲಿಲ್ಲ. ಆದ್ರೆ ಇಳಿದುಬಿಟ್ಟೆ," ಎಂದರು.

ನೀನು ಮಾಡಿದ್ದು ಸರಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನನಗೂ ಆ ಹೊತ್ತಿಗೆ ಸರಿ ಎನಿಸಿಕೊಳ್ಳುವುದು ಬೇಕಿರಲಿಲ್ಲ. ವಿಮಾನ ಬೇಕಿತ್ತು.

ಮರುವರ್ಷ ಅಪ್ಪನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ, ಪಾಸಿನ ಮೇಲೆ, ಪ್ರಯಾಣಿಕರಾಗಿ. ದಪ್ಪ ಗಾಜಿನ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪೈಲಟ್‌ಗಳ ಹಿಂದಿನ ಸಾಲಿನಲ್ಲೇ ಇಬ್ಬರಿಗೂ ಸೀಟು ಸಿಕ್ಕಿತು. ಎಡಗಡೆ ಕೂತಿದ್ದ ಕ್ಯಾಪ್ಟನ್ ಅದೇ ಹುಬ್ಬಳ್ಳಿಯಲ್ಲಿ ನನಗೆ ನೀರು ತಂದುಕೊಟ್ಟವನು. ಏರಿದ ಮೇಲೆ ಅವನು ಹಿಂದೆ ತಿರುಗಿ ಅಪ್ಪನನ್ನು ಕರೆದ, "ಬನ್ನಿ ಸಾರ್, ಇಲ್ಲಿ ನಿಂತ್ಕೊಂಡು ನೋಡಿ."

"ಬ್ಯಾಡ್ರಿ," ಎಂದು ಅಪ್ಪ ಕೈಯಾಡಿಸಿದರು. "ಡ್ರೈವರ್ ಸಂಗಡ ಮಾತಾಡಬಾರದು ಅಂತ ನಮ್ಮ ಬಸ್ಸಿನಾಗೆ ಬರೆಸಿದ್ವಿ. ನೀವು ಓಡ್ಸಿರಿ."

ಸೂಳೆಕೆರೆ ಬಂದಾಗ ತೋರಿಸಿದೆ. ಒಮ್ಮೆ ನೋಡಿ, "ಹೌದು, ದೊಡ್ಡದು," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಲೇ ಇಲ್ಲ. ಕ್ಯಾಪ್ಟನ್ನನ ಬೆನ್ನು, ಕೈ, ಅವನು ತಿರುಗಿಸುವ ಗುಂಡಿಗಳನ್ನೇ ನೋಡುತ್ತಿದ್ದರು.

"ನೀನು ಕೂರ್ತಿದ್ದುದು ಅದೇ ಸೀಟಾ?"

"ಮೊದ್ಲು ಬಲಗಡೆ. ಆಮೇಲೆ ಅದೇ."

"ಹಿಂಗೇ ಕೈ ಇಟ್ಕೊತಿದ್ಯಾ?"

"ಹಿಂಗೇ."

ಹುಬ್ಬಳ್ಳಿಯಲ್ಲಿ ಅವತ್ತೂ ಅಡ್ಡಗಾಳಿ ಇತ್ತು. ವಿಮಾನ ಓರೆಯಾಗಿ ಇಳಿಯುತ್ತಿತ್ತು. ನನ್ನ ಎರಡೂ ಪಾದ ಪೆಡಲ್ ತುಳಿಯುವ ಹಾಗೆ ನೆಲವನ್ನು ಒತ್ತುತ್ತಿರುವುದು ನನಗೇ ತಿಳಿದಿರಲಿಲ್ಲ. ಅಪ್ಪ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಬಿಡು. ಅವ್ನು ಇಳಿಸ್ತಾನೆ."

ಚಕ್ರ ತಾಗಿತು. ಚೆನ್ನಾಗೇ ಇಳಿಸಿದ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಆ ತಲೆಸುತ್ತು ನನಗೆ ಮತ್ತೆಂದೂ ಬರಲಿಲ್ಲ. ಮಹಡಿ ಹತ್ತಿದ್ದೇನೆ, ಹಡಗಿನಲ್ಲಿ ಹೋಗಿದ್ದೇನೆ, ಜ್ವರದಲ್ಲಿ ಮಲಗಿದ್ದೇನೆ. ಒಮ್ಮೆಯೂ ಇಲ್ಲ. ಬಂದಿದ್ದರೆ ಸಮಾಧಾನವಾಗುತ್ತಿತ್ತೇನೋ. ನಾನು ಅವತ್ತು ಯಾರನ್ನೋ ಉಳಿಸಿದೆನೋ, ಸುಮ್ಮನೆ ನನ್ನ ಬದುಕನ್ನು ಬಿಟ್ಟುಕೊಟ್ಟೆನೋ, ಹೇಳುವವರು ಯಾರೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಕೊರೆಯುವುದು ಬೇರೆ. ಮಬ್ಬುಗಣ್ಣಿನಲ್ಲೇ ಆದರೂ ಅಪ್ಪನನ್ನು ಆ ಎರಡು ಮಳೆಗಾಲಗಳ ನಡುವೆ ಎಳೆದುಕೊಂಡು ಹೋಗಿ ನನ್ನ ಹಿಂದೆ ಕೂರಿಸಿಕೊಳ್ಳಬೇಕಿತ್ತು. ಇಬ್ಬರೂ ಕಾದೆವು. ಕಾಯುವುದು ಬುದ್ಧಿವಂತಿಕೆ ಎಂದೇ ಆಗ ಕಂಡಿತ್ತು.

ಅಪ್ಪ ತೀರಿಕೊಂಡ ಮೇಲೆ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಹಳೆಯ ಕಂಡಕ್ಟರೊಬ್ಬರು ಸಿಕ್ಕರು. ನನ್ನ ಕೈ ಹಿಡಿದುಕೊಂಡು, "ನಿಮ್ಮಪ್ಪ ಸಾಯೋಗಂಟ ಅದನ್ನೇ ಹೇಳ್ತಿದ್ರು. ಮಗ ವಿಮಾನದಾಗೆ ಕರ್ಕೊಂಡು ಹೋಗಿದ್ದ ಅಂತ. ನೀವು ಓಡ್ಸೋದು ನೋಡಿ ಅವರಿಗೆ ಭಾಳ ಖುಷಿ ಆಗಿರಬೇಕು ಅಲ್ಲೇನ್ರಿ?" ಎಂದರು.

ಹೌದು ಎಂದುಬಿಡಬಹುದಿತ್ತು. ಅವರ ಮುಖವೂ ಅದನ್ನೇ ಬಯಸುತ್ತಿತ್ತು.

"ಇಲ್ಲ ರೀ," ಎಂದೆ. "ಓಡಿಸಿದ್ದು ಬೇರೆಯೋರು. ನಾನು ಅಪ್ಪನ ಪಕ್ಕದಾಗೆ ಕೂತಿದ್ದೆ."