ಸಗಣಿ ಮುಟ್ಟಿದ ಕೈ

ನಮ್ಮ ಅತ್ತೆ ಜಯಲಕ್ಷ್ಮಮ್ಮನವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ 'ಥೂ' ಬರುತ್ತದೋ ದೇವರೇ ಬಲ್ಲ. ಬಸ್ಸಿನ ಕಂಬಿಯನ್ನು ಸೆರಗಿನಿಂದಲೇ ಹಿಡಿಯುತ್ತಾರೆ. ಹಾಲಿನ ಪ್ಯಾಕೆಟ್ಟಿಗೂ ಸೋಪಿನ ಸ್ನಾನ. ಸಿಂಕಿನಲ್ಲಿ ಒಂದು ಕೂದಲು ಕಂಡರೆ ಮುಗಿಯಿತು, ಊಟ ಬಿಟ್ಟು ಮುಖ ಸಿಂಡರಿಸಿಕೊಂಡು ಕೂರುತ್ತಾರೆ. ನನಗಂತೂ ಕೊಳೆಗಿಂತ ಅವರ ಆ ಮುಖ ನೋಡಿದರೇ ಅಸಹ್ಯ.

ಅತ್ತೆ ಹುಟ್ಟಿದ್ದು ಮಲ್ಲಿಪಟ್ಟಣದ ಕಡೆ, ದನಕರು ತುಂಬಿದ ಮನೆಯಲ್ಲಿ. ಬೆಳಗಾಗೆದ್ದು ಸಗಣಿ ಮಂಕರಿ ಹೊರುವ ಕೆಲಸ ಇವರದ್ದು. ಮಂಕರಿಯಿಂದ ತೊಟ್ಟಿಕ್ಕಿದ ನೀರು ಕುತ್ತಿಗೆಗುಂಟ ಇಳಿದು ರವಿಕೆಯೊಳಗೆ ಸೇರುತ್ತಿತ್ತಂತೆ. ಸ್ಕೂಲಿಗೆ ಹೋದರೆ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಆಚೆ ಸರಿಯುತ್ತಿದ್ದರಂತೆ. ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದವರು ಮತ್ತೆ ಸಗಣಿ ಮುಟ್ಟಲಿಲ್ಲ. ನಮ್ಮ ಬಾಗಿಲಿಗೆ ಇವತ್ತಿಗೂ ಫಿನಾಯಿಲ್ ನೀರೇ.

ಅದು ಅವರ ಪಾಡಿಗಿದ್ದಿದ್ದರೆ ಇರಲಿ ಅನ್ನಬಹುದಿತ್ತು. ನನ್ನ ನಾಲ್ಕು ವರ್ಷದ ಮಗಳು ಧನ್ಯಾಗೂ ಅಂಟಿತು. ನಾನು ಕೆಲಸಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುವವರು ಅವರೇ. ಮರಳು ಮುಟ್ಟಿದರೆ ಥೂ, ಹಿಟ್ಟು ಮುಟ್ಟಿದರೆ ಥೂ, ಬಣ್ಣ ಮುಟ್ಟಿದರೆ ಥೂ. ಈಗ ಬೆರಳಿಗೆ ಒಂದು ಅಗುಳು ಅಂಟಿದರೂ ಮಗು ಎರಡೂ ಕೈ ಮೇಲೆತ್ತಿ ಕಿರುಚುತ್ತದೆ. ಚಮಚ ಕೊಟ್ಟರೆ ಒಂದು ಸಲ ಬಾಯಿಗಿಟ್ಟದ್ದು ಎಂಜಲು, ಅದೂ ಬೇಡ. ಅಜ್ಜಿ ತುತ್ತಿಟ್ಟರೆ ಮಾತ್ರ ಊಟ. ಸ್ಕೂಲಿನ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ಸು.

"ಮಗು ಉಪವಾಸ ಇರುತ್ತೆ ಮೇಡಂ. ಮನೇಲಿ ಮಣ್ಣು, ಹಿಟ್ಟು ಏನಾದ್ರೂ ಕೊಟ್ಟು ಆಡ್ಸಿ, ಕೈಗೆ ಅಂಟೋದು ಅಭ್ಯಾಸ ಆಗ್ಲಿ" ಅಂದರು ಅವಳ ಮಿಸ್ಸು.

ಗಣಪತಿ ಹಬ್ಬ ಹತ್ತಿರವಿತ್ತು. ಜೇಡಿಮಣ್ಣು ತಂದು, ಗಣಪನನ್ನು ಮಾಡೋಣ ಬಾ ಅಂದೆ. ಅವಳು ಬಾಗಿಲ ಹಿಂದೆ ಸೇರಿಕೊಂಡಳು. ಅತ್ತೆ ಆ ಮಣ್ಣನ್ನು ಕಾಗದದಲ್ಲಿ ಹಿಡಿದು ಹಿತ್ತಲಿಗೆ ಎಸೆದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನೀವೇ ಕಲ್ಸಿದ್ದು ಅತ್ತೆ. ನಾಳೆ ನೀವಿಲ್ಲದ ಕಾಲಕ್ಕೆ ಇವಳು ತಟ್ಟೆ ಮುಂದೆ ಹಸ್ಕೊಂಡು ಸಾಯ್ಬೇಕಾ?"

ಮಾರನೆಯ ಬೆಳಿಗ್ಗೆ ಅತ್ತೆ ಹಿಂದಿನ ಬೀದಿಯ ಹಾಲಿನವರ ಮನೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸಗಣಿ ಹಿಡಿದುಕೊಂಡು ಬಂದರು.

"ನಮ್ಮೂರಾಗೆ ಹಬ್ಬಕ್ಕೆ ಪಿಳ್ಳಾರಪ್ಪನ್ನ, ಅದೇ ಗಣಪ್ಪನ್ನ, ಸಗಣೀಲೇ ಮಾಡೋರು ಕಣಮ್ಮಿ. ನಾನೇ ಮಾಡಿ ತೋರುಸ್ತೀನಿ, ಕೂಸು ನೋಡ್ಲಿ" ಅಂದರು.

ಧನ್ಯಾಳನ್ನು ಎದುರಿಗೆ ಕೂರಿಸಿಕೊಂಡು ಸಗಣಿಗೆ ಕೈ ಹಾಕಿದರು. ಬಿಸಿ ಇನ್ನೂ ಆರಿರಲಿಲ್ಲ. ಬೆರಳ ಸಂದಿಗೆ ಹುಲ್ಲು ಸಿಕ್ಕಿಕೊಂಡಿತು, ಉಗುರೊಳಗೆಲ್ಲ ಮೆತ್ತಿಕೊಂಡಿತು. ಅತ್ತೆ ಎರಡು ಸಲ ಓಕರಿಸಿದರು. ಆದರೆ ಕೈ ಕೆಲಸ ಮರೆತಿರಲಿಲ್ಲ. ಉಂಡೆ ಕಟ್ಟಿ, ತಿದ್ದಿ, ನೆತ್ತಿಗೆ ಗರಿಕೆ ಸಿಕ್ಕಿಸಿದರು. "ಬಾರವ್ವ, ನೀನೊಂದು ಮಾಡು" ಎಂದು ಆ ಕೈಯನ್ನೇ ಚಾಚಿದರು.

"ಥೂ! ಅಜ್ಜಿ ಗಲೀಜು!" ಮಗು ಮೂಗು ಮುಚ್ಚಿಕೊಂಡು ದೂರ ಸರಿಯಿತು.

ಅತ್ತೆ ಎದ್ದು ಸೋಪು ಸವೆಯುವಷ್ಟು ಕೈ ತೊಳೆದರು. ಮಧ್ಯಾಹ್ನ ಅನ್ನ ಸಾರು ಕಲಸಿ ತುತ್ತು ಹಿಡಿದರೆ ಧನ್ಯಾ ಬಾಯಿ ಬಿಗಿದುಕೊಂಡಳು.

"ಆ ಕೈ ಬೇಡ."

ನಾನು ಎದ್ದೆ. "ನೀನೂ ತಿನ್ನುಸ್ಬ್ಯಾಡ, ಸುಮ್ಕೆ ಕೂತ್ಕೊ" ಎಂದು ಅತ್ತೆ ತಡೆದರು. ಬೇರೆ ತಟ್ಟೆಗೆ ನನ್ನ ಕೈಯಲ್ಲೇ ಅನ್ನ ಸಾರು ಹಾಕಿಸಿ ಅವಳ ಮುಂದಿಡಿಸಿದರು.

ಮಗು ತಟ್ಟೆ ನೋಡಿತು, ಅತ್ತಿತು. ಯಾರೂ ಏಳಲಿಲ್ಲ. ಸಾರು ಆರಿತು. ಕೊನೆಗೆ ಒಂದು ಬೆರಳು ಅನ್ನಕ್ಕಿಳಿಯಿತು. ಮುಖ ಸಿಂಡರಿಸಿಕೊಂಡೇ ಒಂದು ಅಗುಳು ಬಾಯಿಗಿಟ್ಟುಕೊಂಡಳು. ಆಮೇಲೆ ಐದೂ ಬೆರಳು. ಸಾರು ಮೊಣಕೈವರೆಗೆ ಸುರಿಯಿತು, ಕೆನ್ನೆಗೆಲ್ಲ ಅನ್ನ ಮೆತ್ತಿತು. ನೋಡಲಾಗದಷ್ಟು ಗಲೀಜು. ಅತ್ತೆ ಸೆರಗು ಹಿಡಿದು ಒರೆಸಲು ಕೈ ಚಾಚಿದರು.

"ಅಜ್ಜಿ, ನೀ ಮುಟ್ಬೇಡ!"

"ಮುಟ್ಟಾಕಿಲ್ಲ ಕಣವ್ವ" ಎಂದು ಅತ್ತೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ನೀ ಉಣ್ಣು."